ಹಾಲಿನ ಡಬ್ಬಿಯಲ್ಲಿ ಒಂದು ಹಲ್ಲು

ಡಾಕ್ಟರು ಕಿತ್ತು ಹತ್ತಿಯಲ್ಲಿ ಸುತ್ತಿ ಕೊಟ್ಟ ನನ್ನ ಹಲ್ಲು ಬೆಳಗಿನಿಂದ ನನ್ನ ಪರ್ಸಿನಲ್ಲೇ ಇದೆ. ಮುಂದಿನ ಹಲ್ಲು. “ಬೇರು ಪೂರಾ ಕರಗೈತ್ರಿ. ಇಷ್ಟ ವರ್ಷ ನಿಂತದ್ದಽ ದೊಡ್ಡದು” ಅಂದರು. ನಾಲಿಗೆ ಆ ಖಾಲಿ ಜಾಗ ಬಿಟ್ಟು ಕದಲುತ್ತಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿದೆ. ಕಣ್ಣೆದುರು ಗುಳೇದಗುಡ್ಡದ ನಮ್ಮ ಓಣಿ, ಎದುರುಮನೆಯ ದೊಡ್ಡವ್ವ...

ಸಂಬಂಧಿಯೇನಲ್ಲ, ಇಡೀ ಓಣಿಗೇ ದೊಡ್ಡವ್ವ. ಕುಪ್ಪಸದ ಖಣ ನೇಯುತ್ತಿದ್ದಳು. ನಿಂತಲ್ಲಿ ನಿಲ್ಲುವ ಜೀವವಲ್ಲ, ಮಾತಿಗಿಂತ ಬೈಗುಳವೇ ಹೆಚ್ಚು. ಅವಳ ಮಗಳು ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಮುಂದಿನ ಒಂದು ಹಲ್ಲು ಇರಲಿಲ್ಲ.

ನಾನಾಗ ಶಾಲೆಯಲ್ಲಿ ಆರನೆಯ ಇಯತ್ತೆ. ಓಡಿ ಬರುವಾಗ ಹೊಸ್ತಿಲು ಎಡವಿ ನಮ್ಮ ಮಗ್ಗದ ಕಂಬಕ್ಕೆ ಬಾಯಿ ಬಡಿದೆ. ಹಲ್ಲು ಬೇರುಸಮೇತ ಬಂತು. ಬಿದ್ದ ಹಲ್ಲನ್ನು ಸೆಗಣಿ ಉಂಡೆಯಲ್ಲಿಟ್ಟು ಮನೆಯ ಮೇಲೆ ಒಗೆದರೆ ಹೊಸದು ಬರುತ್ತದೆಂಬುದು ರೂಢಿ. ಹಾಲುಹಲ್ಲೋ ಬಲಿತ ಹಲ್ಲೋ ನೋಡುವವರು ಯಾರು? ಗಾಬರಿಯಲ್ಲಿ ಸೆಗಣಿಯೂ ಸಿಗದೆ, ಅಜ್ಜಿ ಅದನ್ನು ಹಾಗೇ ಒಗೆದುಬಿಟ್ಟಳು. ತಗಡಿನ ಮೇಲೆ ಟಣ್ಣೆಂದದ್ದು ನನಗೂ ಕೇಳಿಸಿತು.

ನನ್ನ ಚೀರಾಟಕ್ಕೆ ದೊಡ್ಡವ್ವ ಓಡಿ ಬಂದಳು. “ಹಲ್ಲ ಎಲ್ಲೈತಿ?”

“ಮ್ಯಾಲ ಒಗದೇನಿ. ಮತ್ತ ಬರ್ತೈತಿ ಬಿಡು” ಅಂದಳು ಅಜ್ಜಿ.

“ಎಲ್ಲಿಂದ ಬರ್ತೈತಿ ಯವ್ವಾ? ನಮ್ಮ ಹುಡುಗಿದು ಹಿಂಗಽ ಒಗದು ಕುಂತೆ, ಬಂತೇನು? ಹಾಲಿನ್ಯಾಗ ಹಾಕ್ಕೊಂಡು ಲಗೂನ ತರಬೇಕಿತ್ತು ಅಂತ ಡಾಕ್ಟರ್ ಬೈದ್ರು!”

ಮೊಣಕಾಲು ನೋವೆಂದು ಕಟ್ಟೆ ಹತ್ತಲೂ ಗೊಣಗುವವಳು ನಿಚ್ಚಣಿಕೆ ಹತ್ತಿದಳು. ಕಾದ ತಗಡಿನ ಮೇಲೆ ಕೈಯಾಡಿಸಿ ಹುಡುಕಿ, ಬೇರು ಮುಟ್ಟದೆ ತುದಿ ಹಿಡಿದು ತಂದಳು. ಅಜ್ಜಿಗೆ ಅದನ್ನು ಉಜ್ಜಲೂ ಬಿಡಲಿಲ್ಲ. ಸ್ಟೀಲ್ ಡಬ್ಬಿಗೆ ತಣ್ಣನೆ ಹಾಲು ಸುರಿದು, ಹಲ್ಲು ಹಾಕಿ ಮುಚ್ಚಳ ಒತ್ತಿದಳು. ನನ್ನ ಬಾಯಿಗೆ ಒದ್ದೆ ಬಟ್ಟೆ ಕೊಟ್ಟು ಕಚ್ಚಿ ಹಿಡಿ ಎಂದಳು.

ಬಾಗಲಕೋಟೆಗೆ ಹೋಗುವ ಟಂಟಂ ಆಟೊದವನು ಸೀಟು ತುಂಬಲೆಂದು ಕಾಯುತ್ತಿದ್ದ. “ಬಿಡೋ ತಮ್ಮಾ, ಹಲ್ಲ ಸಾಯಾಕತ್ತೈತಿ!” ಕೂತವರೆಲ್ಲ ನಕ್ಕರು. ಅವಳು ನಗಲಿಲ್ಲ. ಡಬ್ಬಿಯನ್ನು ಎದೆಗವಚಿಕೊಂಡು ದಾರಿಯುದ್ದಕ್ಕೂ ಚಡಪಡಿಸಿದಳು. ಒಮ್ಮೆ ಮಾತ್ರ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು: “ನೀ ಬಾಯಿ ತೆರದು ನಗಬೇಕವ್ವಾ.”

ಡಾಕ್ಟರು ಹಲ್ಲನ್ನು ಕೂರಿಸಿ ತಂತಿ ಕಟ್ಟಿದರು. ಅದು ನಿಂತಿತು. ನನ್ನ ಮದುವೆಯ ಫೋಟೊದಲ್ಲಿ ನಾನು ಬಾಯ್ತುಂಬ ನಗುತ್ತಿದ್ದೇನೆ. ಪಕ್ಕದಲ್ಲಿ ದೊಡ್ಡವ್ವ ಕ್ಯಾಮೆರಾ ಬಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದಾಳೆ. ಅವಳು ಹೋಗಿ ಬಹಳ ವರ್ಷಗಳಾದವು... ಇವತ್ತಿನಷ್ಟು ಯಾವತ್ತೂ ಅವಳು ಬೇಕೆನಿಸಿರಲಿಲ್ಲ.

ಸಂಜೆ ಹಲ್ಲು ಹಿಡಿದು ಮಾಳಿಗೆಗೆ ಹೋದೆ. ಒಗೆಯಲು ಕೈ ಬರಲಿಲ್ಲ. ಇಳಿದು ಬಂದು, ಸಣ್ಣ ಡಬ್ಬಿಗೆ ಹಾಲು ಹಾಕಿ ಅದರಲ್ಲಿ ಬಿಟ್ಟೆ. ಪ್ರಯೋಜನವಿಲ್ಲವೆಂದು ಗೊತ್ತು. ಮುಚ್ಚಳ ಒತ್ತಿ ಬಾಗಿಲ ಕಡೆ ನೋಡಿದೆ. ಲಗೂನ ನಡಿ ಎಂದು ಬೈಯುವವರು ಯಾರೂ ಇರಲಿಲ್ಲ.