ವರ್ಷಕ್ಕೊಮ್ಮೆ ಹಾಕುವ ಗೇಟು

ನಮ್ಮ ಯಜಮಾನರು ಗುರುಚರಣರಾಯರು ಮದರಾಸು ಹೈಕೋರ್ಟಿನಲ್ಲಿ ಒಬ್ಬ ವಕೀಲರ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರ ಮಾತು ಕೇಳಿದರೆ ಮಾತ್ರ ಆ ಕೆಂಪು ಕಟ್ಟಡಕ್ಕೆ ಇಟ್ಟಿಗೆ ಹೊತ್ತವರೂ ಅವರೇ, ಗುಮ್ಮಟ ಕೂರಿಸಿದವರೂ ಅವರೇ. ಮದುವೆಯಾದ ಹೊಸದರಲ್ಲಿ ಸಿನಿಮಾ ಎಂದು ನನ್ನನ್ನು ಹೊರಡಿಸಿ, ಬ್ರಾಡ್‌ವೇಯಲ್ಲಿ ಬಸ್ಸಿಳಿಸಿ, ಕೋರ್ಟಿನ ಕಮಾನು ತೋರಿಸಿದ ಮಹಾನುಭಾವರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮನೆಗೆ ಯಾರೇ ಬರಲಿ, ಕಾಫಿ ಕೈಗೆ ಬರುವ ಮೊದಲೇ ಶುರು. ಸಾವಿರದೆಂಟುನೂರ ತೊಂಬತ್ತೆರಡರಲ್ಲಿ ಕಟ್ಟಿ ಮುಗಿಸಿದ್ದು, ಗುಮ್ಮಟ ಮೊಗಲರ ರೀತಿಯದು, ಕಟ್ಟಿಸಿದವರು ಇಂಗ್ಲಿಷರು, ಬಣ್ಣದ ಗಾಜು ಹೀಗೆ, ಮೆಟ್ಟಿಲು ಹಾಗೆ. ಎಲ್ಲಕ್ಕಿಂತ ಎತ್ತರದ ಗೋಪುರದ ನೆತ್ತಿಯಲ್ಲಿ ಹಿಂದೆ ಹಡಗುಗಳಿಗೆ ದಾರಿ ತೋರಿಸುವ ದೀಪ ಉರಿಯುತ್ತಿತ್ತಂತೆ. ನಮ್ಮ ಮಗಳು ಸುಮೇಧಾಳನ್ನು ನೋಡಲು ಬಂದ ಗಂಡುಗಳಿಗೂ ಮೊದಲು ಕೋರ್ಟು, ಆಮೇಲೆ ಹುಡುಗಿ. ಒಬ್ಬ ಪಾಪ ಎರಡನೇ ಕಮಾನಿನ ಹತ್ತಿರ ಆಕಳಿಸಿದ. ಅವನಿಗೆ ನಮ್ಮನೆ ಉಪ್ಪಿಟ್ಟೂ ಸಿಗಲಿಲ್ಲ.

ಕೊನೆಗೆ ಸುಮೇಧಾ ತಾನೇ ಪ್ರತಾಪನನ್ನು ಆರಿಸಿಕೊಂಡಳು. ಮಂಡ್ಯದ ಕಡೆಯ ಹುಡುಗ, ನುಂಗಂಬಾಕ್ಕಂನಲ್ಲಿ ಇವಳ ಆಫೀಸಿನಲ್ಲೇ ಕೆಲಸ. ಎರಡು ವರ್ಷದಿಂದ ಪ್ರತಿ ಭಾನುವಾರ ನಮ್ಮಲ್ಲಿಗೆ ಕಾಫಿಗೆ ಬರುತ್ತಿದ್ದ. ನನಗಂತೂ ಅವನು ಮೊದಲ ವಾರವೇ ಹಿಡಿಸಿದ್ದ. ಇವರು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ನಮ್ಮದು ಮಾಧ್ವರ ಮನೆ, ಅವರು ಬೇರೆ ಜಾತಿ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೇ ‘ಹುಡುಗ ಇನ್ನೂ ಕೋರ್ಟು ನೋಡಿಲ್ಲ’ ಎಂಬ ಸಬೂಬು. ಸುಮೇಧಾ ಊಟ ಬಿಟ್ಟು ಅತ್ತಳು. ಕಡೆಗೆ ಪ್ರತಾಪನ ತಾಯಿ ಕರಿಯಮ್ಮ ಊರಿನಿಂದ ಬಂದಾಗ ಇವರು, ಭಾನುವಾರ ಇಬ್ಬರಿಗೂ ಕೋರ್ಟು ತೋರಿಸಿ ಅಲ್ಲೇ ಹೂಂ ಅಥವಾ ಉಹೂಂ ಹೇಳಿಬಿಡುತ್ತೇನೆ ಎಂದರು.

ಎಲ್ಲರೂ ಹೋದೆವು. ಭಾನುವಾರವೂ ತೆರೆದೇ ಇರುವ ಗೇಟು ಅವತ್ತು ಹಾಕಿತ್ತು. ಆಚೆ ಬದಿಯ ಗೇಟೂ ಹಾಕಿತ್ತು. ಇವರು ಕಾವಲಿನವನಿಗೆ ತಮ್ಮ ಹೆಸರು ಹೇಳಿದರು, ವಕೀಲರ ಹೆಸರು ಹೇಳಿದರು. ಇವತ್ತು ಯಾರನ್ನೂ ಒಳಗೆ ಬಿಡೋದಿಲ್ಲ ಸಾರ್, ವರ್ಷಕ್ಕೊಮ್ಮೆ ಮುಚ್ಚುವ ದಿನ ಎಂದು ಅವನು ತಮಿಳಿನಲ್ಲಿ ಹೇಳಿ ಅತ್ತ ತಿರುಗಿದ. ಆ ದಿನದ ಕಥೆ ಹೇಳಿ ವರ್ಷವಿಡೀ ನಮ್ಮ ತಲೆ ಕೊರೆಯುವ ಮನುಷ್ಯ ಆ ದಿನವನ್ನೇ ಮರೆತಿದ್ದರು! ಮುಖ ಊದಿಸಿಕೊಂಡು ಫುಟ್‌ಪಾತಿನ ಅಂಚಿನಲ್ಲಿ ಕೂತುಬಿಟ್ಟರು. ಸುಮೇಧಾ ನನ್ನ ಕಿವಿಯಲ್ಲಿ "ಪೋಚ್ಚು ಅಮ್ಮಾ, ಎಲ್ಲಾ ಹೋಯ್ತು" ಎಂದಳು.

ಪ್ರತಾಪ್ ಸುಮ್ಮನಿರಲಾರದೆ, ಯಾಕೆ ಮುಚ್ಚುತ್ತಾರೆ ಅಂಕಲ್ ಎಂದು ಕೇಳಿದ. ಅಷ್ಟೇ ಸಾಕಾಯಿತು. ಇವರು ಧೋತ್ರ ಕೊಡವಿ ಎದ್ದರು. ಜನ ಈ ರಸ್ತೆಯಿಂದ ಆ ರಸ್ತೆಗೆ ಕೋರ್ಟಿನ ಒಳಗಿಂದಲೇ ಅಡ್ಡದಾರಿ ಹಿಡಿಯುತ್ತಾರೆ, ವರ್ಷಗಟ್ಟಲೆ ಯಾರೂ ತಡೆಯದಿದ್ದರೆ ಇದು ನಮ್ಮ ದಾರಿ ಎಂದೇ ಕೂರುತ್ತಾರೆ, ಅದಕ್ಕೇ ಒಂದು ದಿನ ಎಲ್ಲ ಗೇಟೂ ಹಾಕುವುದು ಎಂದರು.

"ಹಾಕ್ಲಿಲ್ಲ ಅಂದ್ರೆ ಮುಗೀತು. ಓಡಾಡಿದೋರಿಗೆ ಹಕ್ಕು ಬಂದ್ಬಿಡತ್ತೆ" ಎಂದು ಬೆರಳೆತ್ತಿದರು.

ಅಷ್ಟು ಹೊತ್ತೂ ಎಲೆಅಡಿಕೆ ಅಗಿಯುತ್ತ ಗುಮ್ಮಟ ನೋಡುತ್ತಿದ್ದ ಕರಿಯಮ್ಮ ನಿಧಾನವಾಗಿ ಇತ್ತ ತಿರುಗಿದರು.

"ಅಂಗಾರೆ ಸ್ವಾಮಿ, ನಮ್ಮೈದ ಎಲ್ಡು ವರ್ಸದಿಂದ ನಿಮ್ಮನೇಗೆ ಬತ್ತಾವ್ನೆ. ಒಂದಿನಾನಾರ ಬಾಗ್ಲಾಕಿದ್ರಾ?"

ಇವರು ನನ್ನ ಮುಖ ನೋಡಿದರು. ಪ್ರತಿ ವಾರ ಬಾಗಿಲು ತೆಗೆದವಳೇ ನಾನು, ನನ್ನನ್ನೇನು ನೋಡುವುದು?

"ಇಲ್ಲಮ್ಮ, ಹಾಕ್ಲಿಲ್ಲ" ಎಂದರು ಇವರು, ಸಾಕ್ಷಿಕಟ್ಟೆಯಲ್ಲಿ ನಿಂತವರಂತೆ. "ಕೇಸು ನಿಮ್ಕಡೇನೇ ಆಯ್ತು."

ಮಗಳು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ನನಗೂ ಕಣ್ಣು ತುಂಬಿತು. ಇವರು ಕಣ್ಣೊರೆಸಿಕೊಂಡು, ಬಂದದ್ದು ದಂಡವಾಗಬಾರದೆಂದು ಫುಟ್‌ಪಾತಿನಿಂದಲೇ ಭಾವೀ ಅಳಿಯನಿಗೆ ಕಟ್ಟಡ ತೋರಿಸತೊಡಗಿದರು. ಗೋಪುರದ ದೀಪದ ಕಥೆಗೆ ಬರುವಷ್ಟರಲ್ಲಿ ಪ್ರತಾಪ್ ಬಾಯಿ ತುಂಬ ಆಕಳಿಸಿದ. ಇವರು ನೋಡಿದರು. ನೋಡದವರ ಹಾಗೆ ಕಥೆ ಮುಂದುವರಿಸಿದರು.