ಮಲ್ಲವ್ವನ ಕೈಗುಣ ಮತ್ತು ಕಬ್ಬಿಣದ ಗಾಲಿ

ಕ್ಯಾಲಿಫೋರ್ನಿಯಾದ ಸೆರಿಟೋಸ್ ಊರಿನ ಮಲ್ಲವ್ವನ ಕೈಗುಣ ದೊಡ್ಡದು ಎಂಬ ಮಾತು ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯಾಗೋವರೆಗಿನ ಕನ್ನಡದವರಲ್ಲಿ ಎಂದೋ ಹಬ್ಬಿತ್ತು. ಹೊಸ ಕಾರು ಕೊಂಡವರು ಅದನ್ನು ನೇರವಾಗಿ ಅವಳ ಮನೆ ಮುಂದೆ ತಂದು ನಿಲ್ಲಿಸುತ್ತಿದ್ದರು. ಅವಳು ಬಾನೆಟ್ಟಿಗೆ ವಿಭೂತಿ ಎಳೆದು, ಕುಂಕುಮ ಹಚ್ಚಿ, ಗಾಲಿಗಳಡಿ ನಿಂಬೆಹಣ್ಣಿಟ್ಟರೆ ಗಾಡಿಗೆ ಒಂದು ಗೀರೂ ಬೀಳುವುದಿಲ್ಲವಂತೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಮಂದಿಯ ಈ ನಂಬಿಕೆ ಕಂಡು ಮಲ್ಲವ್ವನಿಗೆ ಒಳಗೊಳಗೇ ನಗು. ಆದರೂ ಯಾರಿಗೂ ಇಲ್ಲ ಅಂದವಳಲ್ಲ.

ಗಂಡ ರಾಚಯ್ಯ ರಿಟೈರ್ ಆದ ಮೇಲೆ ಹಳೇ ಟ್ರ್ಯಾಕ್ಟರಿನ ಹುಚ್ಚು ಹಿಡಿಸಿಕೊಂಡ. ಸ್ಯಾನ್ ಡಿಯಾಗೋ ಆಚೆಯ ಬಯಲಿನಲ್ಲಿ ಪ್ರತಿ ಅಕ್ಟೋಬರಿನಲ್ಲಿ ಅಂಥ ಟ್ರ್ಯಾಕ್ಟರುಗಳ ಪ್ರದರ್ಶನ, ಮಧ್ಯಾಹ್ನ ಮೆರವಣಿಗೆ. ತುಕ್ಕು ತಿಂದು ಬಿದ್ದಿದ್ದ ಒಂದನ್ನು ಅವನು ರಿಪೇರಿ ಮಾಡಿ ೨೦೨೨ರಲ್ಲಿ ಮೊದಲ ಸಲ ಅಲ್ಲಿಗೆ ಒಯ್ದ. ಗಂಡ ಅದನ್ನು ಓಡಿಸುವುದನ್ನು ಕಣ್ತುಂಬ ನೋಡಬೇಕೆಂದೇ ಮಲ್ಲವ್ವ ಹೊರಟಳು. ಮೊಣಕಾಲು ಸೋತಿದ್ದರಿಂದ, ಟ್ರೇಲರಿನಲ್ಲಿ ಹೇರಿ ತಂದಿದ್ದ ಹಳೆಯ ಗಾಲ್ಫ್ ಕಾರ್ಟೆಂಬ ಪುಟ್ಟ ಗಾಡಿಯನ್ನು ತಾನೇ ನಡೆಸಿಕೊಂಡು, ಇಳಕಲ್ ಸೀರೆಯ ಸೆರಗು ಬಿಗಿಯಾಗಿ ಸಿಕ್ಕಿಸಿ ಗೇಟಿಗೆ ಬಂದಳು.

ಗೇಟಿನಲ್ಲಿ ಚಂದ್ರಮೋಹನ್ ನಿಂತಿದ್ದ. ಬೆಂಗಳೂರಿನವನು, ಟೆಲಿಕಾಂ ಎಂಜಿನಿಯರ್, ಪ್ರದರ್ಶನದ ಸುರಕ್ಷತೆಯ ಹೊಣೆ ಹೊತ್ತವನು. ಹಿಂದಿನ ವರ್ಷ ಯಾರದೋ ಕಾರ್ಟು ಮಗುವೊಂದರ ಕಾಲ ಮೇಲೆ ಹಾದಿದ್ದರಿಂದ ಸಣ್ಣ ಗಾಡಿ ಯಾವುದೂ ಒಳಗೆ ಬರಕೂಡದೆಂದು ರೂಲ್ ಮಾಡಿಸಿದ್ದ. ಅಷ್ಟನ್ನೇ ಹೇಳಿದ್ದರೆ ಮಲ್ಲವ್ವ ಒಪ್ಪುತ್ತಿದ್ದಳೇನೋ. ಅವನು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ನಕ್ಕ.

"ಆಂಟಿ, ಈ ಆಟದ ಸಾಮಾನು ಪಾರ್ಕಿಂಗಲ್ಲೇ ಬಿಡಿ. ವ್ಹೀಲ್‌ಚೇರ್ ಇದೆ, ಯಾರಾದ್ರೂ ತಳ್ಕೊಂಡು ಹೋಗ್ತಾರೆ."

ಸಾಲಿನಲ್ಲಿದ್ದವರೂ ನಕ್ಕರು. ಮಲ್ಲವ್ವ ಕಾರ್ಟು ತಿರುಗಿಸಿದಳು. ಇಡೀ ಮಧ್ಯಾಹ್ನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಕಳೆದಳು. ಹೋಗಲಿ ಬಿಡು ಎಂದು ರಾಚಯ್ಯ ಎಷ್ಟೋ ಸಮಾಧಾನ ಹೇಳಿದ. ಅವಳು ಬಿಡಲಿಲ್ಲ. ಅಲ್ಲೇ ನಾಲ್ಕು ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು, ಆದರೆ ಹಗುರಾಗುವುದು ಅವಳಿಗೆ ಬೇಕಿರಲಿಲ್ಲ.

ಮರುವರ್ಷ ಚಂದ್ರಮೋಹನ್ ತಾನೂ ಒಂದು ಟ್ರ್ಯಾಕ್ಟರ್ ಸಿದ್ಧಪಡಿಸಿದ. ರಬ್ಬರ್ ಟೈರು ಬರುವುದಕ್ಕಿಂತ ಮುಂಚಿನದು, ಹಲ್ಲುಹಲ್ಲಿನ ಕಬ್ಬಿಣದ ಗಾಲಿಯ ರಾಕ್ಷಸ ಗಾತ್ರದ್ದು. ಮಲ್ಲವ್ವ ಪೂಜೆ ಮಾಡದ ಹೊರತು ಅದು ಮೆರವಣಿಗೆಗೆ ಹೊರಡಕೂಡದೆಂದು ಅವನ ಹೆಂಡತಿ ನಿರುಪಮಾ ಪಟ್ಟು ಹಿಡಿದಳು. ಫೋನ್ ಬಂದಾಗ ಮಲ್ಲವ್ವ ಜೇನಿನಂಥ ದನಿಯಲ್ಲಿ ಬರುತ್ತೇನೆ ಎಂದಳು.

ಬಂದಳು, ಅದೇ ಕಾರ್ಟಿನ ಮೇಲೆ. ಗೇಟಿನ ಗೆರೆಯಿಂದ ಒಂದು ಗೇಣು ಆಚೆ ನಿಲ್ಲಿಸಿದಳು. ಚಂದ್ರಮೋಹನ್ ಓಡಿ ಬಂದು, ಟ್ರ್ಯಾಕ್ಟರ್ ಬಯಲಿನ ನಡುವೆ ನಿಂತಿದೆ, ಇವತ್ತೊಂದು ದಿನ ಕಾರ್ಟಿನಲ್ಲೇ ಒಳಗೆ ಬನ್ನಿ ಎಂದ. ನೀನೇ ಮಾಡಿದ ರೂಲ್ ನಾನು ಮುರಿಯುವುದಿಲ್ಲ, ಟ್ರ್ಯಾಕ್ಟರನ್ನೇ ಇಲ್ಲಿಗೆ ತಾ ಎಂದಳು ಮಲ್ಲವ್ವ.

ನಡುವೆ ಡಾಂಬರು ರಸ್ತೆ. ಆ ಕಬ್ಬಿಣದ ಹಲ್ಲುಗಳು ಡಾಂಬರನ್ನು ಕಿತ್ತುಹಾಕುತ್ತವೆ. ಗಾಲಿಯ ಮುಂದೆ ದಪ್ಪ ಹಲಗೆ ಹಾಸಬೇಕು, ಟ್ರ್ಯಾಕ್ಟರ್ ದಾಟಿದ ಮೇಲೆ ಹಿಂದಿನದನ್ನು ಎತ್ತಿ ತಂದು ಮತ್ತೆ ಮುಂದೆ ಹಾಸಬೇಕು. ಹೊರಲು ಸಣ್ಣ ಗಾಡಿಯಾದರೂ ಇದೆಯೇ? ಅದಕ್ಕೂ ಅವನದೇ ರೂಲ್ ಅಡ್ಡ. ರಾಚಯ್ಯ ಆ ಟ್ರ್ಯಾಕ್ಟರನ್ನು ನಿಧಾನವಾಗಿ ನಡೆಸಿದ, ಚಂದ್ರಮೋಹನ್ ಉರಿಬಿಸಿಲಿನಲ್ಲಿ ಹಲಗೆ ಹೊತ್ತ. ಅಂಗೈ ಸುಲಿಯಿತು, ಅಂಗಿ ಬೆನ್ನಿಗಂಟಿತು. ಮಲ್ಲವ್ವ ಕಾರ್ಟಿನ ನೆರಳಿನಲ್ಲಿ ಕೂತು ಮಜ್ಜಿಗೆ ಕುಡಿದಳು. ಒಂದು ವರ್ಷದಲ್ಲಿ ಯಾವ ಮಜ್ಜಿಗೆಯೂ ಅಷ್ಟು ರುಚಿಸಿರಲಿಲ್ಲ.

"ಎಡಗಡೆ ಹಲಗಿ ಸೊಟ್ಟ ಆಗೇದ ನೋಡು ತಮ್ಮಾ," ಎಂದಳು.

ಪೂಜೆಯಲ್ಲಿ ಮಾತ್ರ ಏನೂ ಕಡಿಮೆ ಮಾಡಲಿಲ್ಲ. ಕಾಯಿ ಒಡೆಯಿತು, ಗಾಲಿಯಡಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಚಂದ್ರಮೋಹನ್ ಬಗ್ಗಿ ಅವಳ ಕಾಲು ಮುಟ್ಟಿದ.

"ಹೋದ್ವರ್ಷ ನಾನು ಹಾಗನ್ನಬಾರದಿತ್ತು ಆಂಟಿ. ವಯಸ್ಸಾದವರ ಗಾಡಿ ಒಳಗೆ ಬಿಡೋಣ ಅಂತ ಈಗಷ್ಟೇ ಕಮಿಟಿಯವರನ್ನ ಒಪ್ಪಿಸಿದೀನಿ. ಮೆರವಣಿಗೆ ಹೊರಡ್ತಾ ಇದೆ, ಬನ್ನಿ."

ರಾಚಯ್ಯನ ಮುಖ ಅರಳಿತು. ಮಲ್ಲವ್ವನಿಗೂ ಒಳಗೆ ಹೋಗುವ ಆಸೆ ಉಕ್ಕಿ ಬಂತು. ಆದರೆ ಹೋದರೆ ಈ ಸುಖ ಇಲ್ಲಿಗೇ ಮುಗಿಯುತ್ತದೆ. ಅವಳು ಅವನ ಸುಲಿದ ಅಂಗೈ ನೋಡಿದಳು.

"ರೂಲ್ ಬದಲಿ ಮಾಡಬ್ಯಾಡ ತಮ್ಮಾ. ಕೂಸಿನ ಕಾಲ ಮ್ಯಾಲ ಗಾಡಿ ಹಾದಿತ್ತಲ್ಲ, ಛಲೋ ರೂಲ್ ಅದು. ಪೂಜಾ ವರ್ಷಾ ವರ್ಷಾ ಮಾಡಬೇಕಾಗ್ತದ. ವರ್ಷಾ ನಾ ಇಲ್ಲಿಗೇ ಬರ್ತೀನಿ, ವರ್ಷಾ ನೀ ಹಿಂಗs ತಗೊಂಡ್ ಬಾ."

ಚಂದ್ರಮೋಹನ್ ಹಲಗೆಗಳ ಕಡೆ ನೋಡಿದ. ರಾಚಯ್ಯ ಹೆಂಡತಿಯ ಕಡೆ ತಿರುಗಿದ.

"ಅಂದ್ರ ವರ್ಷಾ ನೀ ಹೊರಗs ಕುಂಡ್ರಾಕಿ. ಮೆರವಣಿಗ್ಯಾಗ ನನ್ನ ಟ್ರ್ಯಾಕ್ಟರ್ ಎಂದೂ ನೋಡಂಗಿಲ್ಲ."

ಮಲ್ಲವ್ವ ಕಾರ್ಟು ಹತ್ತಿ ಕೂತಳು, ಗೆರೆ ಮಾತ್ರ ದಾಟಲಿಲ್ಲ. ರಾಚಯ್ಯ ಒಬ್ಬನೇ ಗೇಟು ದಾಟಿ ಒಳಗೆ ಹೋದ.