ಮುಳ್ಳಿಟ್ಟ ಬಾಗಿಲ ಹಿಂದಿನ ಸದ್ದು

ಮೊನ್ನೆ ಯಳಂದೂರಿನಲ್ಲಿ, ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ, ಯಾರೋ ಟವೆಲ್ ಕೊಡವಿದ ಸದ್ದು ಕೇಳಿ ನನ್ನ ಕೈಯ ಟೀ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ತಿರುಗಿ ನೋಡಿದೆ. ಹಗ್ಗದ ಮೇಲೆ ಬಟ್ಟೆ ಇರಲಿಲ್ಲ, ಬೀದಿಯಲ್ಲಿ ಜನರೂ ಇರಲಿಲ್ಲ. ಇದ್ದದ್ದು ಒಂದು ಮುಚ್ಚಿದ ಮನೆ, ಅದರ ಬಾಗಿಲಿಗೆ ಅಡ್ಡ ಇಟ್ಟ ಒಣ ಜಾಲಿಮುಳ್ಳಿನ ಕೊಂಬೆ, ಪಕ್ಕದ ಕೊಟ್ಟಿಗೆಯ ಮುಂದೆ ನನಗೆ ಟೀ ಕೊಟ್ಟು ಮನೆಗೆ ಬೆನ್ನು ಮಾಡಿ ಕುಕ್ಕುರುಗಾಲಲ್ಲಿ ಕೂತಿದ್ದ ಸುಂದ್ರಮ್ಮ.

ನಮ್ಮ ಕಡೆ ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಮನೆ ಬಿಡಬೇಕು. ಹೆಣ ಹೊರಗೆ ಹೋದ ಮೇಲೆ ಪಾತ್ರೆ, ಧಾನ್ಯ, ದನ ಹೊರಗೆ ಬರುತ್ತವೆ. ಬೀಗ ಬೀಳುತ್ತದೆ, ಮುಳ್ಳು ಬೀಳುತ್ತದೆ. ಹೇಳಿದ ತಿಂಗಳು ತುಂಬುವವರೆಗೆ ಒಳಗೆ ಉಳಿದದ್ದನ್ನು ಯಾರೂ ಮುಟ್ಟುವಂತಿಲ್ಲ. ಸುಂದ್ರಮ್ಮನ ಗಂಡ ಅಂಥ ನಕ್ಷತ್ರದಲ್ಲಿ ಹೋಗಿದ್ದ. ಮನೆ ಕೊಡುವ ಮನಸ್ಸಿದೆ ಎಂಬ ಸುದ್ದಿ ಕೊಳ್ಳೇಗಾಲಕ್ಕೆ ಮುಟ್ಟಿತ್ತು. ಅಗ್ಗಕ್ಕೆ ಸಿಕ್ಕರೆ ಬೇಕು ಎನ್ನುವ ಪಾರ್ಟಿಯೊಂದು ನನ್ನ ಕೈಯಲ್ಲಿತ್ತು. ಬಂದಿದ್ದೆ.

ಹೌದು, ನನ್ನ ಕಸುಬು ಅದೇ. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತ ಮನೆ ಕೊಡಿಸುತ್ತೇನೆ, ಮಾರಿಸುತ್ತೇನೆ. ಜೊತೆಗೆ ಕೇಳದಿದ್ದರೂ ಬುದ್ಧಿ ಹೇಳುತ್ತೇನೆ. ಯಾರೂ ಸಿಗದಿದ್ದ ದಿನ ಬಸ್ಸಿನ ಕಂಡಕ್ಟರಿಗೆ ಹೇಳುತ್ತೇನೆ. ನಿಮಗೂ ಒಂದು ಹೇಳಿಬಿಡುವೆ. ಮನೆ ನೋಡಲು ಹೋದರೆ ಮಾಲೀಕರ ಮಾತು ಕೇಳುವ ಮೊದಲು ಮನೆಯ ಮಾತು ಕೇಳಿ. ಮಧ್ಯಾಹ್ನ ಹೋಗಿ, ಒಳಗೆ ಸುಮ್ಮನೆ ನಿಲ್ಲಿ. ಗೆದ್ದಲು ಹಿಡಿದ ತೊಲೆಗೆ ಒಂದು ಸದ್ದಿದೆ, ಹಿಂದೆ ಮುಂದೆ ಜರುಗುವ ಹೆಂಚಿಗೆ ಒಂದು ಸದ್ದಿದೆ. ಈ ವಿದ್ಯೆಯನ್ನು ನನಗೆ ಯಾರೂ ಕಲಿಸಲಿಲ್ಲ. ನನ್ನದೇ ಮನೆಯ ಬಾಗಿಲಿಗೆ ಮುಳ್ಳು ಬಿದ್ದಿದ್ದಾಗ ಹೊರಗೆ ಕೂತು ಕಲಿತದ್ದು.

ಹನೂರಿನಿಂದ ಅಜ್ಜೀಪುರದ ದಾರಿ ಹಿಡಿದರೆ ಬಲಕ್ಕೆ ಸಿಗುವ ಹಳ್ಳಿ ನಮ್ಮದು. ಆಗ ಮನೆಯೊಳಗೇ ರೇಷ್ಮೆ ಹುಳು ಸಾಕುತ್ತಿದ್ದೆವು. ನಡುಮನೆ ಹುಳುವಿಗೆ, ಮೂಲೆ ನಮಗೆ. ಹುಳುವೆಂದರೆ ನಮ್ಮೆಜಮಾನರಿಗೆ ಮಡಿ. ಮಧ್ಯಾಹ್ನ ಹಿಪ್ಪುನೇರಳೆ ತೋಟದಿಂದ ಬಂದವರು ಹೊಸ್ತಿಲ ಮುಂದೆ ನಿಂತು, ಹೆಗಲ ಟವೆಲ್ ತೆಗೆದು ಪಟಪಟ ಕೊಡವಿ, ಧೂಳು ಹೋಯಿತೆಂದು ಗಟ್ಟಿಯಾದ ಮೇಲೆಯೇ ಒಳಕ್ಕೆ ಕಾಲಿಡುತ್ತಿದ್ದುದು. ಆ ಸದ್ದು ಕೇಳಿದರೆ ನಾನು ಮುದ್ದೆಗೆ ಹಿಟ್ಟು ಹಾಕುತ್ತಿದ್ದೆ. ಗಡಿಯಾರ ನೋಡಿದ ನೆನಪಿಲ್ಲ.

ಹುಳು ಹಣ್ಣಾದ ದಿನ, ಅಂದರೆ ಅವು ತಿನ್ನುವುದು ಬಿಟ್ಟು ಮೈ ಹಳದಿಯಾಗಿ ಗೂಡು ಕಟ್ಟಲು ಜಾಗ ಹುಡುಕುವ ದಿನ, ಅವುಗಳನ್ನೆಲ್ಲ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗಳಿಗೆ ಬಿಟ್ಟೆವು. ಕೊನೆಯ ತಟ್ಟೆಯನ್ನು ಗೋಡೆಗೆ ಒರಗಿಸಿದ ನಮ್ಮೆಜಮಾನರು ಎದೆ ಹಿಡಿದುಕೊಂಡು ಮಂಚದ ಮೇಲೆ ಮಲಗಿದರು. ಏಳಲಿಲ್ಲ. ನಕ್ಷತ್ರ ಕೆಟ್ಟದ್ದೆಂದು ಶಾಸ್ತ್ರ ನೋಡಿದವರು ಹೇಳಿದರು. ಮೂರು ತಿಂಗಳು ಮನೆ ಬಿಡಬೇಕಾಯಿತು. ಚಂದ್ರಿಕೆಗಳು ಒಳಗೇ ಉಳಿದವು. ಊದುಬತ್ತಿಯ ಹೊಗೆ, ಸೂತಕ, ಅಷ್ಟು ಜನರ ಅಳು, ಇದನ್ನೆಲ್ಲ ಹುಳು ತಡೆಯುತ್ತದೆಯೇ? ಸತ್ತವೆಂದು ಎಲ್ಲರೂ ಒಪ್ಪಿಕೊಂಡೆವು. ಹುಟ್ಟಿದಾಗಿನಿಂದ ಹುಳು ಸಾಕಿದ ಊರು, ಯಾರೂ ಮರುಮಾತಾಡಲಿಲ್ಲ.

ನಾನು ಎದುರಿನ ಕೊಟ್ಟಿಗೆ ಸೇರಿದೆ. ಎರಡು ವಾರ ಕಳೆದಿರಬಹುದು. ಒಂದು ಮಧ್ಯಾಹ್ನ ಮುದ್ದೆಗೆ ಎಸರಿಟ್ಟು ಕೂತಿದ್ದೆ. ಮನೆಯೊಳಗಿನಿಂದ ಟವೆಲ್ ಕೊಡವಿದ ಸದ್ದು ಬಂತು.

ನನ್ನ ಕೈ ತಾನಾಗಿ ಹಿಟ್ಟಿನ ಡಬ್ಬಕ್ಕೆ ಹೋಯಿತು ನೋಡಿ, ಅದೇ ನನ್ನನ್ನು ಹೆದರಿಸಿದ್ದು. ನನಗಿಂತ ಮೊದಲು ನನ್ನ ಕೈ ಅವರು ಬಂದರೆಂದು ನಂಬಿತ್ತು.

ಮರುದಿನ ಸದ್ದು ಹೆಚ್ಚಾಯಿತು. ಒಬ್ಬರು ಕೊಡವಿದಂತಲ್ಲ, ಮನೆ ತುಂಬ ಜನ ನಿಂತು ಮೆಲ್ಲಗೆ ಬಟ್ಟೆ ಕೊಡವುತ್ತಿರುವಂತೆ. ಪಕ್ಕದ ಮನೆಯ ತಾಯಮ್ಮನನ್ನು ಕರೆದೆ. ಊರಿಗೆಲ್ಲ ಸೂಲಗಿತ್ತಿ, ಯಾರಿಗೂ ಹೆದರದ ಹೆಂಗಸು. ಗೋಡೆಗೆ ಕಿವಿಯಿಟ್ಟವಳು ಬೆಂಕಿ ತಾಗಿದಂತೆ ಹಿಂದೆ ಸರಿದಳು.

"ಒಬ್ಬನೇ ಅಲ್ಲ ಕಣವ್ವಾ, ಜೊತ್ಗೆ ಜನಾನೂ ಕರ್ಕ ಬಂದವ್ನೆ," ಎಂದಳು.

"ಬದ್ಕಿದ್ದಾಗ ಒಬ್ರನ್ನೂ ಊಟಕ್ ಕರ್ದೋರಲ್ಲ, ಈಗ್ಯಾಕೆ ಕರೀತಾರೆ?" ಎಂದೆ. ನಗಿಸಬೇಕೆಂದು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ಆಮೇಲೆ ಒಂದು ದಿನ ಸದ್ದು ನಿಂತೇಹೋಯಿತು. ನೆಮ್ಮದಿಯಾಗಬೇಕಿತ್ತಲ್ಲವೇ? ಆಗಲಿಲ್ಲ. ಸದ್ದು ಮಾಡುವವರು ಎಲ್ಲಿದ್ದಾರೆಂದು ಗೊತ್ತಿರುತ್ತದೆ. ಸುಮ್ಮನಾದವರು ಎಲ್ಲಿಗೆ ಬಂದು ನಿಂತಿದ್ದಾರೋ ಹೇಗೆ ಹೇಳುವುದು? ಕೊಟ್ಟಿಗೆಯಲ್ಲಿ ಬೆನ್ನನ್ನು ಗೋಡೆಗೆ ಕೊಟ್ಟೇ ಕೂರುತ್ತಿದ್ದೆ. ಮನೆಯ ಕಡೆ ಮುಖ ಮಾಡಿ ತಲೆ ಬಾಚಿಕೊಳ್ಳಲೂ ಹೆದರಿಕೆ.

ಹೊಟ್ಟೆಗೆ ಮಾತ್ರ ಹೆದರಿಕೆ ಇಲ್ಲ. ಹುಣಸೆಹಣ್ಣು ಕಟ್ಟಿಕೊಂಡು ಹನೂರಿನ ಸಂತೆಗೆ ಹೋಗಿ ಕೂತೆ. ಮೊದಲ ವಾರ ಕೇಳಿದ ಬೆಲೆಗೆ ಕೊಟ್ಟು ಬಂದೆ. ಎರಡನೆಯ ವಾರ ಪಕ್ಕದಲ್ಲಿ ಕೂರುತ್ತಿದ್ದ ತಮಿಳು ಹೆಂಗಸು ನನ್ನ ಕೈ ಹಿಡಿದಳು. "ಚೀಲ ಬಿಚ್ಚದೆ ಬೆಲೆ ಯಾಕಮ್ಮ ಏಳ್ತೀಯೆ? ಮೊದ್ಲು ಬಿಚ್ಚು, ಅವ್ರೂ ನೋಡ್ಲಿ, ನೀನೂ ನೋಡು. ಆಮೇಲ್ ಬಾಯ್ ಬುಡು." ನನ್ನ ವ್ಯಾಪಾರದ ಓದೆಲ್ಲ ಅಷ್ಟೇ.

ಮೂರು ತಿಂಗಳು ತುಂಬುವ ವಾರ ನಮ್ಮ ಭಾವ ಸಿದ್ದಪ್ಪ ಬಂದ. ಕೆಟ್ಟವನಲ್ಲ. ಕೊಟ್ಟಿಗೆಯ ಕಂಬಕ್ಕೆ ಒರಗಿ, ಮನೆಯ ಕಡೆ ನೋಡದೆ ಮಾತಾಡಿದ.

"ಆ ಮನೇಲಿ ನೀ ಒಬ್ಳೇ ಎಂಗಿದ್ದೀಯವ್ವ? ನನ್ಗೆ ಬರ್ಕೊಟ್ಬುಡು. ಕೆಡವಿ ಕಣ ಮಾಡ್ಕತೀನಿ. ಕೈಗಷ್ಟು ಕೊಡ್ತೀನಿ, ತವರ್ಗೋಗು."

ತವರೆಂದರೆ ಅಣ್ಣನ ಮನೆ. ಅಲ್ಲಿ ನನಗೆ ಒಂದು ಮೂಲೆ, ಒಂದು ತಟ್ಟೆ, ಮತ್ತು ಸಾಯುವತನಕ ಅತ್ತಿಗೆಯ ಮುಖ ನೋಡಿ ಅನ್ನ ಬಡಿಸಿಕೊಳ್ಳುವ ಬಾಳು ಕಾದಿತ್ತು. ಇಲ್ಲಿ ಉಳಿದರೆ ಆ ಮನೆ. ಹೆದರಿಕೆ ಎರಡೂ ಕಡೆ ಇತ್ತು. ಸತ್ಯ ಹೇಳುತ್ತೇನೆ, "ಆಯ್ತು ಭಾವ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಬಾಯಿ ತೆರೆದಾಗ ಹೊರಬಂದದ್ದು ಸಂತೆಯ ಮಾತು.

"ಚೀಲ ಬಿಚ್ಚದೆ ಬೆಲೆ ಎಂಗ್ ಏಳ್ಲಿ, ಭಾವ? ಮೊದ್ಲು ಬಾಗ್ಲು ತಗೀಲಿ."

ಬಾಗಿಲು ತೆಗೆದ ದಿನ ಮೊದಲು ಹಸುವನ್ನು ಒಳಗೆ ನುಗ್ಗಿಸುವುದು ಪದ್ಧತಿ. ಮುಳ್ಳು ಸರಿಸಿದರು, ಬೀಗ ತೆಗೆದರು. ಒಳಗಿನಿಂದ ಹಳೆಯ ಹಿಟ್ಟಿನಂಥ, ಕಮಟು ವಾಸನೆ ಮುಖಕ್ಕೆ ಬಡಿಯಿತು. ತಾಯಮ್ಮನ ಹಸು ಹೊಸ್ತಿಲಲ್ಲಿ ನಾಲ್ಕೂ ಕಾಲು ಊರಿ ನಿಂತಿತು. ಬಾಲ ತಿರುವಿದರೂ ಇಲ್ಲ, ಬೆಲ್ಲ ತೋರಿಸಿದರೂ ಇಲ್ಲ. ಜನ ಒಂದೊಂದೇ ಹೆಜ್ಜೆ ಹಿಂದೆ ಸರಿದರು.

"ಮೂಕ್ ಪ್ರಾಣೀಗೆ ಗೊತ್ತಾಯ್ತದೆ, ನಿಂಗ್ ಗೊತ್ತಾಗಕಿಲ್ವಾ? ಬ್ಯಾಡ ಕಣವ್ವಾ," ಎಂದಳು ತಾಯಮ್ಮ.

"ಮನೇಲಿರಾಳು ನಾನು, ಅಸ ಅಲ್ವಲ್ಲ. ದಾರಿ ಬುಡು," ಎಂದು ಒಳಗೆ ಹೋದೆ.

ಕಾಲಡಿ ಏನೋ ಚರಚರ ಮುರಿಯಿತು. ಕಣ್ಣು ಕತ್ತಲೆಗೆ ಒಗ್ಗಿತು. ಗೋಡೆ, ದೇವರ ಪಟ, ಗೂಟಕ್ಕೆ ನೇತು ಹಾಕಿದ್ದ ಅವರ ಅಂಗಿ, ಎಲ್ಲ ಬೂದುಬಿಳಿ. ಅಂಗಿಯನ್ನು ಮುಟ್ಟಿದೆ. ಅದರ ಮೇಲಿದ್ದದ್ದು ಪುಡಿಯಾಗಿ ಬೆರಳಿಗೆ ಅಂಟಿತು. ಒಣಗಿದ ರೆಕ್ಕೆಗಳು, ಅವುಗಳ ನಡುವೆ ಗಸಗಸೆ ಚೆಲ್ಲಿದಂತೆ ಮೊಟ್ಟೆ. ಚಂದ್ರಿಕೆಯ ತುಂಬ ಗೂಡುಗಳು, ಪ್ರತಿಯೊಂದರ ನೆತ್ತಿಯಲ್ಲೂ ಒಂದು ತೂತು.

ಹುಳು ಸತ್ತಿರಲಿಲ್ಲ. ಗೂಡು ಕಟ್ಟಿ, ಚಿಟ್ಟೆಯಾಗಿ ಹೊರಬಂದು, ಹಾರಲಾರದ ರೆಕ್ಕೆಯನ್ನು ಬಡಿದು ಬಡಿದು ಸತ್ತಿದ್ದವು. ನಮಗೆ ಹೇಗೆ ತಿಳಿಯಬೇಕು? ಹುಳು ಸೊಪ್ಪು ತಿನ್ನುವ ಸದ್ದು ನಿದ್ದೆಯಲ್ಲೂ ಗುರುತಿಸುವ ಊರು ಅದು. ಆದರೆ ಗೂಡಾದ ವಾರದಲ್ಲೇ ಮಾರುಕಟ್ಟೆಗೆ ಹಾಕುತ್ತೇವೆ. ಚಿಟ್ಟೆಯಾಗಲು ಒಂದನ್ನೂ ಬಿಟ್ಟವರಲ್ಲ. ಅಷ್ಟು ಚಿಟ್ಟೆ ಒಟ್ಟಿಗೆ ರೆಕ್ಕೆ ಬಡಿದರೆ ಏನು ಸದ್ದೆಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಅಯ್ಯೋ, ಚಿಟ್ಟೆ ಕಣ್ರೋ!" ಎಂದು ನನ್ನ ಹಿಂದೆ ಒಳಗೆ ಬಂದ ತಾಯಮ್ಮ ಹೊರಗೆ ನಿಂತಿದ್ದವರಿಗೆ ಕೂಗಿದಳು. ಸಿದ್ದಪ್ಪ ಭಾವನೂ ನಕ್ಕ. ಅವತ್ತೇ ಗುಡಿಸಿದೆ, ಸಾರಿಸಿದೆ, ಒಲೆ ಹೊತ್ತಿಸಿದೆ. ತೂತು ಬಿದ್ದ ಗೂಡನ್ನೂ ಬಿಡಲಿಲ್ಲ, ಕೊಳ್ಳೇಗಾಲಕ್ಕೆ ಒಯ್ದು ಚೌಕಾಸಿ ಮಾಡಿ ಮಾರಿದೆ.

ಮುಳ್ಳು ಬಿದ್ದ ಮನೆಗಳ ಮುಂದೆ ಕೂತವರಿಗೆಲ್ಲ ನಾನು ಈ ಕಥೆ ಹೇಳುತ್ತೇನೆ, ಇಲ್ಲಿಗೆ ನಿಲ್ಲಿಸುತ್ತೇನೆ. ಕೇಳಿದವರು ನಗುತ್ತಾರೆ, ವ್ಯಾಪಾರ ಸಲೀಸಾಗುತ್ತದೆ. ಸುಂದ್ರಮ್ಮನಿಗೂ ಅಷ್ಟೇ ಹೇಳಿದೆ. ಅವಳು ನಗಲಿಲ್ಲ.

"ನಮ್ಮನೇಲಿ ಉಳ ಇಲ್ಲ ಕಣಕ್ಕ. ನಮ್ದು ಗದ್ದೆ."

ಒಳಗೆ ಮತ್ತೆ ಟವೆಲ್ ಕೊಡವಿದ ಸದ್ದಾಯಿತು. ಎದ್ದು ಹೋಗಿ, ಮುಳ್ಳು ತಾಗದಂತೆ ಬಾಗಿಲಿಗೆ ಕಿವಿಯಿಟ್ಟೆ. ತೊಲೆಯಲ್ಲ, ಹೆಂಚಲ್ಲ. ಬಾವಲಿ ಇರಬಹುದು, ಹರಿದ ಕ್ಯಾಲೆಂಡರ್ ಇರಬಹುದು. ಇಷ್ಟು ವರ್ಷ ಕಿವಿಯನ್ನೇ ನಂಬಿ ಬಾಳಿದವಳಿಗೆ ಅದು ಏನೆಂದು ಹೇಳಲಾಗಲಿಲ್ಲ.

"ನಿನ್ ಪಾರ್ಟೀಗೆ ಕೊಟ್ಬುಡಕ್ಕ. ಏಟಾದ್ರೂ ಕೊಡ್ಲಿ. ನಾನ್ ಇಲ್ಲಿರಾಕಾಗಕಿಲ್ಲ," ಎಂದಳು ಸುಂದ್ರಮ್ಮ. ಇಷ್ಟು ಸುಲಭದ ವ್ಯಾಪಾರ ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ. ನಾನು ವಾಪಸು ಬಂದು ಅವಳ ಪಕ್ಕ ಕೂತೆ. ಯಾರಿಗೂ ಹೇಳದೆ ಬಿಟ್ಟಿದ್ದನ್ನು ಅವಳಿಗೆ ಹೇಳಿದೆ.

ಅವತ್ತು ಮನೆಯೊಳಗೆ ಚಿಟ್ಟೆ ಮೊಟ್ಟೆಯಿಡದ ಜಾಗವಿರಲಿಲ್ಲ. ಒಳಗೇ ಮರೆತ ಸೌಟಿನ ಹಿಡಿಯ ಮೇಲೂ ಇತ್ತು. ಅವರ ಮಂಚದ ಅಂಚಿನ ಸುತ್ತಲೂ ಇತ್ತು. ನಡುವೆ ಮಾತ್ರ, ಒಬ್ಬ ಮನುಷ್ಯ ಮಗ್ಗುಲಾಗಿ ಮಲಗುವಷ್ಟು ಜಾಗದಲ್ಲಿ, ಒಂದು ಮೊಟ್ಟೆಯಿಲ್ಲ, ಒಂದು ರೆಕ್ಕೆಯಿಲ್ಲ, ಧೂಳೂ ಇಲ್ಲ. ತಾಯಮ್ಮ ಒಳಗೆ ಬರುವ ಮೊದಲು ನಾನು ಅದರ ಮೇಲೆ ಕಂಬಳಿ ಹಾಸಿಬಿಟ್ಟೆ.

ಸುಂದ್ರಮ್ಮ ನನ್ನನ್ನೇ ನೋಡಿದಳು. "ಆಮೇಲೆ?"

"ಆಮೇಲೇನು, ಆ ಮಂಚದ ಮೇಲೇ ಮಲೀಕಂಡೆ. ಇವತ್ತೂ ಅದ್ರ ಮೇಲೇ ಮಲಗಾದು. ಒಂದ್ ಮಗ್ಗುಲ್ ಬುಟ್ಟು."

ಅವಳು ನನ್ನ ಟೀ ಲೋಟ ಕೈಗೆತ್ತಿಕೊಂಡು ಕೇಳಿದಳು, "ಬಾಗ್ಲು ತಗಿಯೋ ದಿನ ಬತ್ತೀಯಾ?"

"ಬತ್ತೀನಿ. ಅಸ ಬರ್ದಿದ್ರೆ ನಾನಿರ್ತೀನಿ. ಬೆಲೆ ಮಾತು ಆಮೇಲೆ."

ಕೊಳ್ಳೇಗಾಲದ ಪಾರ್ಟಿಗೆ ಅಲ್ಲಿಂದಲೇ ಫೋನ್ ಮಾಡಿ, ಮನೆ ಸದ್ಯಕ್ಕೆ ಕೊಡುವುದಿಲ್ಲವಂತೆ ಎಂದೆ. ಸುಂದ್ರಮ್ಮ ಆರಿದ ಟೀಯನ್ನು ಮತ್ತೆ ಬಿಸಿ ಮಾಡಿ ತಂದಳು. ಈ ಸಲ ಅವಳು ಮನೆಯ ಕಡೆಗೇ ಮುಖ ಮಾಡಿ ಕೂತಳು. ಒಳಗೆ ಟವೆಲ್ ಕೊಡವುವ ಸದ್ದು ಬರುತ್ತಲೇ ಇತ್ತು. ನಾವು ಟೀ ಕುಡಿದು ಮುಗಿಸಿದೆವು.